ಸಮಿಟ್ ಮೊದಲೋ, ಆರಿಯೆಮಾ ಮೊದಲೋ?

ಬರೀ ಲೆಕ್ಕವನ್ನೇ ನೆಚ್ಚಿಕೊಂಡರೆ ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. 2024ರ ನವೆಂಬರ್ 20ರಂದು ಕನೆಕ್ಟಿಕಟ್ ವಿಶ್ವವಿದ್ಯಾಲಯದ ಮಹಿಳಾ ತಂಡದ ಕೋಚ್ ಜೀನೋ ಆರಿಯೆಮಾ ತಮ್ಮ 1,217ನೇ ಪಂದ್ಯ ಗೆದ್ದರು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ, ಗಂಡಸರ ತಂಡಗಳನ್ನೂ ಸೇರಿಸಿಕೊಂಡರೂ, ಅಷ್ಟು ಗೆದ್ದ ಕೋಚ್ ಅದುವರೆಗೆ ಇರಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ, 71ನೇ ವಯಸ್ಸಿನಲ್ಲಿ, 12ನೇ ಬಾರಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಎತ್ತಿದರು. ಟೆನೆಸಿಯ ಪ್ಯಾಟ್ ಸಮಿಟ್ ಅವರದು 8 ಪ್ರಶಸ್ತಿ. ಬೇಲರ್‌ನಲ್ಲಿ ಮೂರು, ಲೂಸಿಯಾನಾ ಸ್ಟೇಟ್‌ನಲ್ಲಿ ಒಂದು ಸೇರಿ ಕಿಮ್ ಮಲ್ಕಿ ಅವರದು 4. ಅದೇ 2025ರ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನ ಟಾರಾ ವ್ಯಾನ್‌ಡರ್ವೀರ್ ಮತ್ತು ಸೌತ್ ಕ್ಯಾರೊಲೈನಾದ ಡಾನ್ ಸ್ಟೇಲಿ ತಲಾ 3. ವಿವಿಯನ್ ಸ್ಟ್ರಿಂಗರ್ ಸೊನ್ನೆ. ಮೇಲಿನಿಂದ ಕೆಳಕ್ಕೆ ಬರೆದುಕೊಂಡರೆ ಪಟ್ಟಿ ಸಿದ್ಧ.

ಅಮೆರಿಕದ ಕ್ರೀಡಾ ವಾಹಿನಿಗಳು ವರ್ಷಕ್ಕೊಮ್ಮೆಯಾದರೂ ಇಂಥ ಪಟ್ಟಿ ಬಿಡುತ್ತವೆ. ಇದನ್ನು ಬರೀ ಅಭಿಮಾನಿಗಳ ಕಾಲಕ್ಷೇಪ ಎಂದು ತಳ್ಳಿಹಾಕುವಂತಿಲ್ಲ. 2024ರ ಮಹಿಳಾ ಫೈನಲನ್ನು ಟಿವಿಯಲ್ಲಿ ನೋಡಿದವರು ಸರಾಸರಿ 1.89 ಕೋಟಿ ಜನ. ಅದೇ ವರ್ಷದ ಪುರುಷರ ಫೈನಲ್‌ಗೆ ಸಿಕ್ಕವರು 1.48 ಕೋಟಿ. ಸ್ಟೇಲಿ ಅವರಿಗೆ 2025ರ ಒಪ್ಪಂದದ ಪ್ರಕಾರ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್ ಸಂಬಳ. ಇಷ್ಟು ದುಡ್ಡು ಓಡಾಡುವ ಕಡೆ ಯಾರು ಎಷ್ಟನೆಯವರು ಎಂಬ ಮಾತು ಸಂಬಳವನ್ನೂ ನೇಮಕವನ್ನೂ ಮುಟ್ಟದೆ ಇರುವುದಿಲ್ಲ. ಆದ್ದರಿಂದ ಅಳತೆಗೋಲು ಸರಿಯಿದೆಯೇ ಎಂದು ಕೇಳಲೇಬೇಕು. ನನ್ನ ತಕರಾರು ಇಷ್ಟೇ: ಪ್ರಶಸ್ತಿ ಎಣಿಸಿ ಮಾಡಿದ ಪಟ್ಟಿ ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುತ್ತದೆ, ಕೋಚ್‌ಗಳಿಗಲ್ಲ. ಕೋಚ್‌ಗೆ ಸ್ಥಾನ ಕೊಡುವುದಾದರೆ ಅವರ ಕೈಗೆ ಏನು ಬಂತು, ಕೈಬಿಡುವಾಗ ಅದು ಏನಾಗಿತ್ತು ಎಂದು ನೋಡಬೇಕು.

ಮೊದಲು ಪ್ರಶಸ್ತಿ ಎಂಬುದು ಎಷ್ಟು ಗಟ್ಟಿ ಸಾಕ್ಷ್ಯ ಎಂದು ನೋಡೋಣ. ಮಾರ್ಚ್ ತಿಂಗಳ ಈ ರಾಷ್ಟ್ರೀಯ ಟೂರ್ನಿಯಲ್ಲಿ ಒಂದೇ ಒಂದು ಸೋಲು ಬಂದರೂ ಮನೆಗೆ ಹೋಗಬೇಕು. ಸಾಮಾನ್ಯವಾಗಿ ಸತತ ಆರು ಪಂದ್ಯ ಗೆದ್ದವರಿಗೆ ಕಪ್. 2018ರ ಮಾರ್ಚ್ 30ರಂದು ಒಹಾಯೊದ ಕೊಲಂಬಸ್‌ನಲ್ಲಿ ಸೆಮಿಫೈನಲ್. ಆರಿಯೆಮಾ ಅವರ ಕನೆಕ್ಟಿಕಟ್ ಆ ವರ್ಷ ಒಂದೂ ಪಂದ್ಯ ಸೋತಿರಲಿಲ್ಲ. ಎದುರಿಗೆ ಮಫೆಟ್ ಮೆಕ್‌ಗ್ರಾ ಅವರ ನಾಟ್ರ್ ಡೇಮ್. ಆ ಋತುವಿನಲ್ಲಿ ಅವರ ನಾಲ್ವರು ಆಟಗಾರ್ತಿಯರು ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಹೊರಗೆ ಕೂತಿದ್ದರು. ಪಂದ್ಯ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಅದೂ ಮುಗಿಯಲು ಒಂದು ಸೆಕೆಂಡ್ ಇರುವಾಗ ಅರೀಕೆ ಒಗುನ್‌ಬೊವಾಲೆ ಬಲಗಡೆಯಿಂದ ಎಸೆದ ಚೆಂಡು ಬ್ಯಾಸ್ಕೆಟ್‌ಗೆ ಬಿತ್ತು: 91-89. ಎರಡು ದಿನ ಬಿಟ್ಟು ಫೈನಲ್‌ನಲ್ಲಿ ಮಿಸಿಸಿಪಿ ಸ್ಟೇಟ್ ಎದುರು ನಾಟ್ರ್ ಡೇಮ್ ಒಂದು ಹಂತದಲ್ಲಿ 15 ಅಂಕ ಹಿಂದೆ. ಸಮ ಮಾಡಿಕೊಂಡು ಕೊನೆಗೆ ಬಂದಾಗ ಮತ್ತೆ ಅದೇ ಹುಡುಗಿ, ಮತ್ತೆ ಅದೇ ಬಲಗಡೆ, ಮೈ ವಾಲಿದ ಸ್ಥಿತಿಯಲ್ಲಿ ಮೂರಂಕದ ಎಸೆತ. ಚೆಂಡು ಒಳಗೆ ಹೋದಾಗ ಗಡಿಯಾರದಲ್ಲಿ ಉಳಿದಿದ್ದು ಸೆಕೆಂಡಿನ ಹತ್ತನೇ ಒಂದು ಭಾಗ. 61-58.

ಆ ಎರಡು ಎಸೆತಗಳು ರಿಂಗಿಗೆ ಬಡಿದು ಹೊರಗೆ ಹಾರಿದ್ದರೆ? ಮೆಕ್‌ಗ್ರಾ ಅವರ ಹೆಸರಿನಲ್ಲಿ 2001ರ ಒಂದೇ ಪ್ರಶಸ್ತಿ ಉಳಿಯುವ ಸಾಧ್ಯತೆ ಇತ್ತು. ಮಿಸಿಸಿಪಿ ಸ್ಟೇಟ್‌ನ ವಿಕ್ ಶೇಫರ್ ಹಿಂದಿನ ವರ್ಷವೂ ಫೈನಲ್‌ನಲ್ಲಿ ಸೋತವರು; ಅವರ ಖಾತೆ ಅಂದು ತೆರೆದಿರಬಹುದಿತ್ತು. ಅದೇ ಹಿಂದಿನ ವರ್ಷ ಸೆಮಿಫೈನಲ್‌ನಲ್ಲಿ ಕನೆಕ್ಟಿಕಟ್‌ನ ಸತತ 111 ಗೆಲುವುಗಳ ಓಟವನ್ನು ನಿಲ್ಲಿಸಿದ್ದು ಶೇಫರ್ ಅವರ ತಂಡದ ಐದಡಿ ಐದಂಗುಲದ ಮಾರ್ಗನ್ ವಿಲಿಯಂ, ಅದೂ ಹೆಚ್ಚುವರಿ ಅವಧಿಯ ಕೊನೆಯ ಗಂಟೆಗೆ ಸರಿಯಾಗಿ ಎಸೆದ ಚೆಂಡಿನಿಂದ. 2021ರಲ್ಲಿ ಸ್ಟ್ಯಾನ್‌ಫರ್ಡ್ ಸೆಮಿಫೈನಲನ್ನು 66-65ರಿಂದ, ಫೈನಲನ್ನು 54-53ರಿಂದ ಗೆದ್ದಿತು. ಎರಡೂ ಪಂದ್ಯಗಳಲ್ಲಿ ಕೊನೆಯ ಎಸೆತ ಎದುರಾಳಿಯದು, ಎರಡೂ ಸಲ ಚೆಂಡು ಒಳಗೆ ಬೀಳಲಿಲ್ಲ. 29 ವರ್ಷ ಕಾದ ವ್ಯಾನ್‌ಡರ್ವೀರ್ ಅವರಿಗೆ ಮೂರನೇ ಪ್ರಶಸ್ತಿ ದಕ್ಕಿತು, ಸ್ಟೇಲಿ ಅವರ ಸೌತ್ ಕ್ಯಾರೊಲೈನಾ ಊರಿಗೆ ಹೊರಟಿತು. ಚೆಂಡು ಹಾರಿದ ಮೇಲೆ ಬೆಂಚಿನಲ್ಲಿ ಕೂತ ಕೋಚ್ ಅದಕ್ಕೆ ಏನೂ ಮಾಡುವಂತಿಲ್ಲ. ಹನ್ನೆರಡಕ್ಕೂ ಎಂಟಕ್ಕೂ ನಡುವೆ ವ್ಯತ್ಯಾಸವಿದೆ, ಒಪ್ಪೋಣ. ಮೂರಕ್ಕೂ ಎರಡಕ್ಕೂ ನಡುವಿನದು ಬಹಳ ಸಲ ರಿಂಗಿನ ಕಬ್ಬಿಣದ ಮರ್ಜಿ.

ಎರಡನೆಯ ತೊಡಕು ಇನ್ನೂ ದೊಡ್ಡದು. ಇಲ್ಲಿ ಆಟಗಾರ್ತಿಯರನ್ನು ಹರಾಜಿನಲ್ಲಿ ಹಂಚುವುದಿಲ್ಲ. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುವ ಹುಡುಗಿ ತನಗೆ ಬೇಕಾದ ಕಾಲೇಜನ್ನು ಆರಿಸಿಕೊಳ್ಳುತ್ತಾಳೆ, ಗೆಲ್ಲುವ ಕಾಲೇಜನ್ನೇ ಆರಿಸಿಕೊಳ್ಳುತ್ತಾಳೆ. ಗೆದ್ದವರಿಗೆ ಒಳ್ಳೆಯವರು ಬರುತ್ತಾರೆ, ಒಳ್ಳೆಯವರು ಬಂದಿದ್ದರಿಂದ ಮತ್ತೆ ಗೆಲ್ಲುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ 95 ತೆಗೆದವರನ್ನೇ ಹೆಕ್ಕಿ ಸೇರಿಸಿಕೊಂಡು, ಎರಡು ವರ್ಷದ ನಂತರ ‘ನೂರಕ್ಕೆ ನೂರು ಫಲಿತಾಂಶ’ ಎಂದು ಊರ ತುಂಬ ಫ್ಲೆಕ್ಸ್ ಕಟ್ಟಿಸುವ ಪಿಯು ಕಾಲೇಜುಗಳನ್ನು ನಾವು ಕಂಡವರೇ. ಅಲ್ಲಿನ ಮೇಷ್ಟ್ರು ಒಳ್ಳೆಯವರಿರಬಹುದು. ಆದರೆ ಆ ಫ್ಲೆಕ್ಸ್ ಅದಕ್ಕೆ ಸಾಕ್ಷಿಯಲ್ಲ.

ಹಾಗಂತ ಈ ತರ್ಕವನ್ನು ಆರಿಯೆಮಾ ವಿರುದ್ಧ ಬೀಸುವವರು ಒಂದು ವಿಷಯ ಮರೆಯುತ್ತಾರೆ. ಇಟಲಿಯ ಮೊಂಟೆಲ್ಲಾದಲ್ಲಿ ಹುಟ್ಟಿ, ಏಳನೇ ವಯಸ್ಸಿಗೆ ಪೆನ್ಸಿಲ್ವೇನಿಯಾಕ್ಕೆ ಬಂದ ಈ ಮನುಷ್ಯ 1985ರಲ್ಲಿ ಕನೆಕ್ಟಿಕಟ್ ಸೇರಿದಾಗ ಅಲ್ಲಿ ಪರಂಪರೆ ಎಂಬುದೇ ಇರಲಿಲ್ಲ. ಆ ತಂಡ ಅದುವರೆಗೆ ಸೋಲಿಗಿಂತ ಹೆಚ್ಚು ಗೆಲುವು ಕಂಡಿದ್ದು ಒಂದೇ ಒಂದು ಋತುವಿನಲ್ಲಿ. ಅವರ ಮೊದಲ ವರ್ಷವೂ 12 ಗೆಲುವು, 15 ಸೋಲು. ಹತ್ತನೇ ವರ್ಷಕ್ಕೆ, 1995ರಲ್ಲಿ, ಒಂದೂ ಸೋಲಿಲ್ಲದೆ ಮೊದಲ ಪ್ರಶಸ್ತಿ ಬಂತು. ಒಳ್ಳೆಯ ಹುಡುಗಿಯರು ತಾವಾಗಿ ಬರತೊಡಗಿದ್ದು ಆಮೇಲೆ. ಆ ಹುಡುಗಿಯರು ಬರುವಂಥ ಮನೆಯನ್ನು ಕಟ್ಟಿದವರು ಆರಿಯೆಮಾ ಅವರೇ. ಅವರಿಗೆ ಸಿಕ್ಕ ಎದುರಾಳಿಗಳು ದುರ್ಬಲರಾಗಿದ್ದರು ಎಂಬ ವಾದವೂ ಇದೆ. ಅದನ್ನು ಒಪ್ಪಿದರೆ ಸಮಿಟ್ ಅವರ ಮೊದಲ ಪ್ರಶಸ್ತಿಗಳ ಕಥೆ ಇನ್ನೂ ಕಷ್ಟ. ಅವರು 1987ರಲ್ಲಿ ಗೆದ್ದಾಗ ಟೂರ್ನಿಗೆ 64 ತಂಡಗಳೂ ಇರಲಿಲ್ಲ, ಆ ಸಂಖ್ಯೆ ಮುಟ್ಟಿದ್ದು 1994ರಲ್ಲಿ. ದುರ್ಬಲ ಕಾಲ ಎಂಬ ಕತ್ತಿಗೆ ಎರಡೂ ಕಡೆ ಅಲಗು.

ಆರಿಯೆಮಾ ವಿಷಯದಲ್ಲಿ ನನ್ನನ್ನು ಕಾಡುವ ಪ್ರಶ್ನೆ ಬೇರೆಯೇ. 1985ರಿಂದ ಅವರ ಪಕ್ಕದಲ್ಲಿ ಕೂತವರು ಕ್ರಿಸ್ ಡೇಲಿ ಎಂಬ ಮಹಿಳಾ ಸಹಾಯಕ ಕೋಚ್. 1,217ನೇ ಗೆಲುವಿನ ರಾತ್ರಿ ವಿಶ್ವವಿದ್ಯಾಲಯ ಹಮ್ಮಿಕೊಂಡಿದ್ದ ಸಮಾರಂಭವೂ ಇಬ್ಬರ ನಲವತ್ತು ವರ್ಷಗಳ ಹೆಸರಿನಲ್ಲೇ ನಡೆಯಿತು. ಆದರೂ ದಾಖಲೆ ಪುಸ್ತಕದ ಸಾಲಿನಲ್ಲಿ ಒಂದೇ ಹೆಸರು. ಮುಖ್ಯ ಕೋಚ್‌ಗೆ ಎಲ್ಲ ಗೆಲುವನ್ನೂ ಬರೆದುಕೊಡುವ ಪದ್ಧತಿಯೇ ಹೀಗೆ, ಸಹಾಯಕರು ಕಾಣೆಯಾಗುತ್ತಾರೆ. ಇದಕ್ಕೊಂದು ಹಿನ್ನೆಲೆಯೂ ಇದೆ. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ನಿಷೇಧಿಸಿದ ಟೈಟಲ್ ನೈನ್ ಕಾಯ್ದೆ 1972ರಲ್ಲಿ ಬಂದಾಗ ಅಮೆರಿಕದ ಮಹಿಳಾ ಕಾಲೇಜು ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಕೋಚ್ ಹೆಂಗಸರೇ ಇದ್ದರು. ಹಣ ಬಂದಂತೆ ಗಂಡಸರು ಬಂದರು. ಎಲ್ಲ ಕ್ರೀಡೆ ಸೇರಿ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇನ್ನು ಮುಂದೆ ಗಂಡಸರನ್ನು ಸಹಾಯಕರಾಗಿ ನೇಮಿಸಿಕೊಳ್ಳುವುದಿಲ್ಲ ಎಂದು ಮೆಕ್‌ಗ್ರಾ 2019ರಲ್ಲಿ ಹೇಳಿದಾಗ ದೊಡ್ಡ ಗದ್ದಲವಾಯಿತು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಇದರಿಂದ ಆರಿಯೆಮಾ ಅವರ ಸಾಧನೆ ಕಡಿಮೆಯಾಗುವುದೂ ಇಲ್ಲ. ಆದರೆ ಡೇಲಿ ಅವರ ಹೆಸರಿಗೆ ಯಾವ ಪಟ್ಟಿಯಲ್ಲೂ ಸ್ಥಾನವಿಲ್ಲ ಎಂಬುದು ಪಟ್ಟಿಯ ದೋಷ.

ಈಗ ಸಮಿಟ್. 1974ರಲ್ಲಿ ಟೆನೆಸಿ ವಿಶ್ವವಿದ್ಯಾಲಯ ಮಹಿಳಾ ತಂಡವನ್ನು ಅವರ ಕೈಗೆ ಕೊಟ್ಟಾಗ ಅವರಿಗೆ 22 ವರ್ಷ. ಓದುತ್ತಲೇ ಕೆಲಸ. ತಿಂಗಳಿಗೆ 250 ಡಾಲರ್. ತಂಡದ ವ್ಯಾನ್ ಓಡಿಸುವವರು ಅವರೇ, ಆಟದ ಬಟ್ಟೆ ಒಗೆಯುವವರೂ ಅವರೇ. ಆ ಬಟ್ಟೆಗೆ ದುಡ್ಡು ಹುಟ್ಟಿದ್ದು ಡೋನಟ್ ಮಾರಿ. ಆಗ ಮಹಿಳೆಯರ ಆಟಕ್ಕೆ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಮಾನ್ಯತೆಯೇ ಇರಲಿಲ್ಲ. ಮಹಿಳೆಯರಿಗೆ ಅದರ ಮೊದಲ ಟೂರ್ನಿ ನಡೆದದ್ದು 1982ರಲ್ಲಿ. ಕೋಚ್ ಆಗಿದ್ದುಕೊಂಡೇ ಅವರು 1976ರ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಆಡಿ ಬೆಳ್ಳಿ ತಂದರು, 1984ರಲ್ಲಿ ಅದೇ ತಂಡದ ಕೋಚ್ ಆಗಿ ಚಿನ್ನ.

ಇವೆಲ್ಲ ಅನೇಕರಿಗೆ ಗೊತ್ತಿರುವ ಸಂಗತಿ. ಅಷ್ಟಾಗಿ ಪ್ರಸ್ತಾಪವಾಗದ, ಆದರೆ ನನ್ನ ಲೆಕ್ಕದಲ್ಲಿ ಎಂಟು ಪ್ರಶಸ್ತಿಗಿಂತ ದೊಡ್ಡ ಸಂಗತಿ ಒಂದಿದೆ. ಟೆನೆಸಿ ರಾಜ್ಯದ ಹೈಸ್ಕೂಲುಗಳಲ್ಲಿ ಹುಡುಗಿಯರು ಆಗ ಆಡುತ್ತಿದ್ದುದು ಆರು ಜನರ ಬ್ಯಾಸ್ಕೆಟ್‌ಬಾಲ್. ಮೂವರು ದಾಳಿಗೆ, ಮೂವರು ರಕ್ಷಣೆಗೆ. ಅಂಗಳದ ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಹೆಣ್ಣುಮಕ್ಕಳು ಅಂಗಳದ ಉದ್ದಕ್ಕೂ ಓಡಿದರೆ ಮೈಗೆ ಒಗ್ಗುವುದಿಲ್ಲ ಎಂಬ ಹಳೆಯ ಕಾಲದ ನಂಬಿಕೆಯ ಪಳೆಯುಳಿಕೆ ಅದು. ರಕ್ಷಣೆಗೆ ನಿಂತ ಹುಡುಗಿ ಹೈಸ್ಕೂಲು ಮುಗಿಸುವವರೆಗೂ ಪಂದ್ಯದಲ್ಲಿ ಒಮ್ಮೆಯೂ ಬ್ಯಾಸ್ಕೆಟ್‌ಗೆ ಚೆಂಡು ಎಸೆಯುವಂತಿರಲಿಲ್ಲ. ಅಂಥವಳಿಗೆ ಯಾವ ಕಾಲೇಜು ವಿದ್ಯಾರ್ಥಿವೇತನ ಕೊಟ್ಟೀತು? ಈ ನಿಯಮ ಇರುವತನಕ ನಮ್ಮ ರಾಜ್ಯದ ಹುಡುಗಿಯರನ್ನು ನಾನೇ ತಂಡಕ್ಕೆ ತೆಗೆದುಕೊಳ್ಳಲಾರೆ ಎಂದು ಸಮಿಟ್ ಬಹಿರಂಗವಾಗಿ ಪಟ್ಟು ಹಿಡಿದರು. 1979ರಲ್ಲಿ ರಾಜ್ಯ ನಿಯಮ ಬದಲಿಸಿ ಐವರ ಆಟಕ್ಕೆ ಬಂತು. ಬೇರೆ ಕೋಚ್‌ಗಳು ತಂಡ ಕಟ್ಟಿದರು. ಇವರು ತಂಡಕ್ಕೆ ಬರಬೇಕಾದ ಹುಡುಗಿ ಆಡುವ ಆಟವನ್ನೇ ತಿದ್ದಿಸಿದರು.

38 ಋತು, 1,098 ಗೆಲುವು, 208 ಸೋಲು. ಸೋಲು ಮೇಲಾದ ಋತು ಒಂದೂ ಇಲ್ಲ. ಜತೆಗೆ ಕ್ಲಾಸಿನಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕು, ಕಾರಣವಿಲ್ಲದೆ ತಪ್ಪಿಸುವಂತಿಲ್ಲ ಎಂಬ ನಿಯಮ. ಅವರ ಕೈಕೆಳಗೆ ಪೂರ್ಣಾವಧಿ ಆಡಿದ ಪ್ರತಿಯೊಬ್ಬ ಆಟಗಾರ್ತಿಯೂ ಪದವಿ ಪಡೆದಳು. ಕಾಲೇಜು ಕೋಚ್ ಎಂಬ ಹುದ್ದೆಯಲ್ಲಿ ‘ಕಾಲೇಜು’ ಎಂಬುದೂ ಇದೆ ಎಂದು ನೆನಪಿಟ್ಟವರು ಅವರು. ನೂರಾರು ಹುಡುಗಿಯರಲ್ಲಿ ವೃತ್ತಿಪರ ಲೀಗ್ ಮುಟ್ಟುವವರು ಕೆಲವರೇ ಆದ್ದರಿಂದ, ಉಳಿದವರ ಪಾಲಿಗೆ ಆ ಪದವಿಯೇ ಕಪ್. ಬೆಂಗಳೂರಿನ ಸಂಜನಾ ರಮೇಶ್ ಬ್ಯಾಸ್ಕೆಟ್‌ಬಾಲ್ ವಿದ್ಯಾರ್ಥಿವೇತನದ ಮೇಲೆ ನಾರ್ದರ್ನ್ ಅರಿಝೋನ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ನಮ್ಮಲ್ಲೂ ಕೆಲವು ತಂದೆತಾಯಂದಿರು ಈ ಕಡೆ ಕಣ್ಣು ಹಾಯಿಸುತ್ತಿದ್ದಾರೆ. ಮಗಳನ್ನು ಕಳಿಸುವ ಮುಂಚೆ ಅವರು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ಈ ಕೋಚ್ ಹತ್ತಿರ ಆಡಿದವರಲ್ಲಿ ಎಷ್ಟು ಜನ ಓದು ಮುಗಿಸಿದರು?

ಸಮಿಟ್ ನಂತರ ಆರಿಯೆಮಾ. ಇದರಲ್ಲಿ ಹೆಚ್ಚು ಜಗಳವಿಲ್ಲ. ಜಗಳ ಶುರುವಾಗುವುದು ಮೂರನೇ ಸ್ಥಾನದಿಂದ, ಅಲ್ಲಿ ನಾನು ಸೊನ್ನೆ ಪ್ರಶಸ್ತಿಯ ವಿವಿಯನ್ ಸ್ಟ್ರಿಂಗರ್ ಅವರನ್ನು ಇಡುತ್ತೇನೆ.

ಪೆನ್ಸಿಲ್ವೇನಿಯಾದ ಚೇನಿ ಸ್ಟೇಟ್ ಕಪ್ಪು ಜನರಿಗಾಗಿ ಹುಟ್ಟಿದ ಹಳೆಯ, ಸಣ್ಣ ಕಾಲೇಜು. 1970ರ ದಶಕದ ಆರಂಭದಲ್ಲಿ ಸ್ಟ್ರಿಂಗರ್ ಅಲ್ಲಿ ಪಾಠ ಮಾಡುತ್ತ, ಪ್ರತ್ಯೇಕ ಸಂಬಳವಿಲ್ಲದೆ ತಂಡವನ್ನೂ ನೋಡಿಕೊಂಡರು. ಊರೂರು ತಿರುಗಿ ಆಟಗಾರ್ತಿಯರನ್ನು ಕರೆತರಲು ಬೇಕಾದ ಹಣ ಅಲ್ಲಿರಲಿಲ್ಲ. ಆ ತಂಡವನ್ನು ಅವರು 1982ರ ಮೊಟ್ಟಮೊದಲ ಎನ್‌ಸಿಎಎ ಫೈನಲ್‌ಗೆ ಒಯ್ದರು. ಲೂಸಿಯಾನಾ ಟೆಕ್ ಎದುರು 76-62ರಿಂದ ಸೋತರು. ಮನೆಯಲ್ಲಿ ಪುಟ್ಟ ಮಗಳು ಮೆದುಳುಜ್ವರಕ್ಕೆ ತುತ್ತಾಗಿದ್ದ ಹೊತ್ತು ಅದು. ಅಲ್ಲಿಂದ ಅಯೋವಾ. 1985ರ ಫೆಬ್ರವರಿಯ ಒಂದು ಪಂದ್ಯಕ್ಕೆ ಅಲ್ಲಿ 22,157 ಜನ ಸೇರಿದ್ದರು. ಆ ದಿನ ಎದುರಾಳಿ ಬೆಂಚಿನಲ್ಲಿದ್ದ ಒಹಾಯೊ ಸ್ಟೇಟ್‌ನ ಕೋಚ್ ಇದೇ ವ್ಯಾನ್‌ಡರ್ವೀರ್. 1992ರ ನವೆಂಬರ್‌ನಲ್ಲಿ ಸ್ಟ್ರಿಂಗರ್ ಗಂಡನನ್ನು ಕಳೆದುಕೊಂಡರು. ಅದೇ ಋತುವಿನಲ್ಲಿ, 1993ರಲ್ಲಿ, ಅಯೋವಾ ಕೊನೆಯ ನಾಲ್ಕರಲ್ಲಿತ್ತು. ಮುಂದೆ ನ್ಯೂಜರ್ಸಿಯ ರಟ್ಗರ್ಸ್: 2000ದಲ್ಲಿ ಕೊನೆಯ ನಾಲ್ಕು, 2007ರಲ್ಲಿ ಫೈನಲ್. ಅಲ್ಲಿ ಎದುರಾದದ್ದು ಸಮಿಟ್, 59-46ರಿಂದ ಸೋಲು. ಆ ಸೋಲಿನ ಮರುದಿನವೇ ರೇಡಿಯೊ ನಿರೂಪಕನೊಬ್ಬ ಅವರ ಹುಡುಗಿಯರ ಬಗ್ಗೆ ಜನಾಂಗೀಯ ಹೀನ ಮಾತಾಡಿದಾಗ, ಇಡೀ ದೇಶದ ಮುಂದೆ ಆ ಹುಡುಗಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಘನತೆಯಿಂದ ಉತ್ತರ ಕೊಡಿಸಿದರು. ಮೂರು ಬೇರೆ ಬೇರೆ ಕಾಲೇಜುಗಳನ್ನು ಕೊನೆಯ ನಾಲ್ಕಕ್ಕೆ ಮುಟ್ಟಿಸಿದ ಮೊದಲ ಕೋಚ್ ಅವರು. ಒಟ್ಟು ಗೆಲುವು 1,055.

ಒಂದೂ ಪ್ರಶಸ್ತಿಯಿಲ್ಲದವರನ್ನು ನಾಲ್ಕು ಗೆದ್ದವರ ಮೇಲೆ ಕೂರಿಸುವುದು ಯಾವ ನ್ಯಾಯ ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಒಂದೇ. ಕನೆಕ್ಟಿಕಟ್‌ನ ಸವಲತ್ತು, ಹೆಸರು, ಆಟಗಾರ್ತಿಯರು ಸ್ಟ್ರಿಂಗರ್ ಕೈಗೆ ಸಿಕ್ಕಿದ್ದರೆ ಅವರು ಗೆಲ್ಲುತ್ತಿದ್ದರೇ? ನಂಬಲು ಕಷ್ಟವಿಲ್ಲ. ಮಿಕ್ಕವರಲ್ಲಿ ಎಷ್ಟು ಜನ 1982ರ ಚೇನಿ ಸ್ಟೇಟನ್ನು ಫೈನಲ್ ಮುಟ್ಟಿಸುತ್ತಿದ್ದರು? ನನಗೆ ಹೆಸರು ಹೊಳೆಯುವುದಿಲ್ಲ.

ಇದೇ ಅಳತೆ ಕಿಮ್ ಮಲ್ಕಿ ಅವರಿಗೂ ಅನ್ವಯಿಸಬೇಕು, ಇಷ್ಟವಿರಲಿ ಬಿಡಲಿ. 2000ದಲ್ಲಿ ಅವರು ಬೇಲರ್‌ಗೆ ಬಂದಾಗ ತಂಡ ಹಿಂದಿನ ಋತುವಿನಲ್ಲಿ ಗೆದ್ದಿದ್ದು ಏಳು ಪಂದ್ಯ. ಐದನೇ ಋತುವಿಗೆ ಪ್ರಶಸ್ತಿ. 2012ರಲ್ಲಿ 40ಕ್ಕೆ 40 ಗೆಲುವು. ಲೂಸಿಯಾನಾ ಸ್ಟೇಟ್‌ಗೆ ಹೋದ ಎರಡನೇ ವರ್ಷಕ್ಕೇ, 2023ರಲ್ಲಿ, ಇನ್ನೊಂದು ಪ್ರಶಸ್ತಿ. ಎರಡು ಕಾಲೇಜುಗಳಿಗೆ ಪ್ರಶಸ್ತಿ ತಂದ ಮಹಿಳಾ ಬ್ಯಾಸ್ಕೆಟ್‌ಬಾಲ್ ಕೋಚ್ ಬೇರೆ ಇರಲಿಲ್ಲ. ಆದರೆ ಆ ಎರಡನೆಯದರಲ್ಲಿ ಆಟಗಾರ್ತಿಯರು ಕಾಲೇಜಿನಿಂದ ಕಾಲೇಜಿಗೆ ಸುಲಭವಾಗಿ ಹಾರಬಹುದಾದ ಹೊಸ ವರ್ಗಾವಣೆ ನಿಯಮದ ಪಾಲು ದೊಡ್ಡದು. ತಂಡದ ತಾರೆ ಏಂಜೆಲ್ ರೀಸ್ ಮೇರಿಲ್ಯಾಂಡ್‌ನಿಂದ ಬಂದವರು. ಅಂಗಳದಾಚೆಯ ಮಾತು ಒಂದಿದೆ. ಆ 40-0 ತಂಡದ ಜೀವಾಳವಾಗಿದ್ದ ಬ್ರಿಟ್ನಿ ಗ್ರೈನರ್ 2022ರಲ್ಲಿ ರಷ್ಯಾದ ಜೈಲಿನಲ್ಲಿದ್ದಾಗ ಪತ್ರಕರ್ತರೊಬ್ಬರು ಕೇಳಿದ ಪ್ರಶ್ನೆಗೆ ಉತ್ತರಿಸಲು ಮಲ್ಕಿ ನಿರಾಕರಿಸಿದರು. ಅವರಿಬ್ಬರ ನಡುವೆ ಏನಿತ್ತೋ ನಮಗೆ ಬೇಡ. ನನ್ನ ಪಟ್ಟಿಯಲ್ಲಿ ಮಲ್ಕಿ ಐದನೆಯವರಾಗಲು ಆ ಮೌನವೂ ಒಂದು ಕಾರಣ, ಮುಚ್ಚಿಡುವುದಿಲ್ಲ.

ನಾಲ್ಕನೆಯವರು ಸ್ಟೇಲಿ. ಸೌತ್ ಕ್ಯಾರೊಲೈನಾದಲ್ಲಿ ಅವರ ಮೊದಲ ಋತು 10 ಗೆಲುವು, 18 ಸೋಲು. ಇವತ್ತು ದೇಶದಲ್ಲಿ ಅತಿ ಹೆಚ್ಚು ಪ್ರೇಕ್ಷಕರನ್ನು ಸೆಳೆಯುವ ಮಹಿಳಾ ತಂಡಗಳಲ್ಲಿ ಅದು ಮುಂಚೂಣಿಯದು. ಕೋಚ್‌ನ ಕೈವಾಡ ಎಷ್ಟು ಎಂದು ಬೇರ್ಪಡಿಸಿ ನೋಡುವ ಅವಕಾಶ ಅಪರೂಪ. ಸ್ಟೇಲಿ ಅಂಥದೊಂದನ್ನು ಒದಗಿಸಿದ್ದಾರೆ. 2023ರಲ್ಲಿ ಸೋಲರಿಯದೆ ಸೆಮಿಫೈನಲ್‌ಗೆ ಬಂದ ಅವರ ತಂಡವನ್ನು ಕೇಟ್ಲಿನ್ ಕ್ಲಾರ್ಕ್ ಅವರ ಅಯೋವಾ ಸೋಲಿಸಿತು. ಸೋತ ಸ್ಟೇಲಿ ತಂಡದ ಆರಂಭಿಕ ಐವರೂ ಹೊರಟುಹೋದರು, ಐವರಿಗೆ ಐವರೂ. ಮುಂದಿನ ಋತುವಿನಲ್ಲಿ ಹೊಸ ಐವರನ್ನು ಇಳಿಸಿ ಸ್ಟೇಲಿ 38ಕ್ಕೆ 38 ಗೆದ್ದರು. ಫೈನಲ್‌ನಲ್ಲಿ ಎದುರಾದದ್ದು ಅದೇ ಕ್ಲಾರ್ಕ್, ಅದೇ ಅಯೋವಾ: 87-75. ಆಟಗಾರ್ತಿಯರು ಬದಲಾದರೂ ಫಲ ಬದಲಾಗದಿದ್ದರೆ ಬದಲಾಗದೆ ಉಳಿದವರಿಗೆ ಅದರ ಶ್ರೇಯ ಕೊಡಲೇಬೇಕು. 1999ರಲ್ಲಿ ಪರ್ಡ್ಯೂಗೆ ಪ್ರಶಸ್ತಿ ತಂದ ಕ್ಯಾರೊಲಿನ್ ಪೆಕ್, ಹಾಗೆ ಗೆದ್ದ ಮೊದಲ ಕಪ್ಪು ಮಹಿಳಾ ಕೋಚ್, ತಾವು ಗೆದ್ದ ಸಂಭ್ರಮಕ್ಕೆ ಕತ್ತರಿಸಿಟ್ಟುಕೊಂಡಿದ್ದ ಬ್ಯಾಸ್ಕೆಟ್ ಬಲೆಯ ಚೂರೊಂದನ್ನು ಸ್ಟೇಲಿಗೆ ಕೊಟ್ಟಿದ್ದರು. 2017ರಲ್ಲಿ ಗೆದ್ದ ಸ್ಟೇಲಿ ತಮ್ಮ ಬಲೆಯನ್ನು ಚೂರು ಮಾಡಿ ದೇಶದ ಇತರ ಕಪ್ಪು ಮಹಿಳಾ ಮುಖ್ಯ ಕೋಚ್‌ಗಳಿಗೆ ಅಂಚೆಯಲ್ಲಿ ಕಳಿಸಿದರು.

ವ್ಯಾನ್‌ಡರ್ವೀರ್ ಅವರನ್ನು ಆರನೆಯವರಾಗಿಸಿದ್ದಕ್ಕೆ ಸ್ಟ್ಯಾನ್‌ಫರ್ಡ್ ಅಭಿಮಾನಿಗಳು ಬೈಯುತ್ತಾರೆ. 1,216 ಗೆಲುವು, 1996ರ ಒಲಿಂಪಿಕ್ ಚಿನ್ನ, ಪ್ರವೇಶದ ಕಟ್ಟುನಿಟ್ಟು ಸಡಿಲಿಸದ ವಿಶ್ವವಿದ್ಯಾಲಯ, ಎಲ್ಲವೂ ನಿಜ. ಆದರೆ ಸ್ಟ್ಯಾನ್‌ಫರ್ಡ್ ಎಂಬ ಹೆಸರೇ ಅರ್ಧ ಕೆಲಸ ಮಾಡುತ್ತದೆ. ಆ ಹೆಸರು ಚೇನಿ ಸ್ಟೇಟ್‌ಗಿರಲಿಲ್ಲ.

ಸ್ಟೇಲಿ ಅವರ ಒಪ್ಪಂದ 2030ರವರೆಗಿದೆ, ಅವರ ಸ್ಥಾನ ಮೇಲಕ್ಕೆ ಸರಿಯಬಹುದು. ಸಮಿಟ್ 2016ರಲ್ಲಿ, ಅಲ್ಝೈಮರ್ಸ್ ಕಾಯಿಲೆಯಿಂದ, 64ನೇ ವಯಸ್ಸಿಗೆ ತೀರಿಕೊಂಡರು. ಅವರ ಸ್ಥಾನ ಅಲುಗುವುದಿಲ್ಲ. ಸ್ಟ್ರಿಂಗರ್ ಅವರ ಮೂರನೇ ಸ್ಥಾನದ ಬಗ್ಗೆ ತಕರಾರಿರುವವರು ಪ್ರಶಸ್ತಿಯ ಲೆಕ್ಕ ಬದಿಗಿಟ್ಟು ಬೇರೆ ಯಾವುದಾದರೂ ಕಾರಣ ತರಲಿ, ಮಾತಾಡೋಣ.